ಜಿಪ್ ಕಡತಗಳ ರಾಶಿ ಬಿಚ್ಚಲು ಯಾವುದು: ಫಾರ್ ಲೂಪೋ, ಫೈಂಡೋ, ಎಕ್ಸ್‌ಆರ್ಗ್ಸೋ?

ನೂರಾರು ಜಿಪ್ ಕಡತಗಳನ್ನು ಬ್ಯಾಷ್ (ಲಿನಕ್ಸ್‌ನ ಕಮಾಂಡ್ ಭಾಷೆ) ಸ್ಕ್ರಿಪ್ಟ್‌ನಿಂದ ಬಿಚ್ಚಬೇಕು, ಸರಿಯಾಗಿ ಬಿಚ್ಚಿಕೊಂಡವುಗಳ ಮೂಲವನ್ನು ಅಳಿಸಬೇಕು. ಇದೊಂದೇ ಕೆಲಸವನ್ನು ಫೋಲ್ಡರಿನ ನಕಲಿನ ಮೇಲೆ ಮೂರು ಬಗೆಯಲ್ಲಿ ಮಾಡಿ ನೋಡಿದೆ: ಒಂದೊಂದು ಹೆಸರಿಗೂ ಕೆಲಸ ಮರುಕಳಿಸುವ ಫಾರ್ ಲೂಪ್, ಕಡತ ಹುಡುಕುವ ಫೈಂಡ್, ಹೆಸರುಗಳ ಪಟ್ಟಿಯನ್ನು ಇನ್ನೊಂದು ಕಮಾಂಡಿಗೆ ಒಪ್ಪಿಸುವ ಎಕ್ಸ್‌ಆರ್ಗ್ಸ್. ನಾನು ಮುಖ್ಯವಾಗಿ ನೋಡಿದ್ದು ವೇಗವನ್ನಲ್ಲ. ಯಾವ ಕಡತ ಕೆಟ್ಟಿದೆ ಎಂಬುದು ಸ್ಕ್ರಿಪ್ಟ್‌ಗೆ ತಿಳಿಯುತ್ತದೆಯೇ ಎಂಬುದನ್ನು.

ಫಾರ್ ಲೂಪನ್ನು, ಹೆಸರುಗಳ ಪಟ್ಟಿ ಕೊಡುವ ಎಲ್‌ಎಸ್ ಕಮಾಂಡಿನ ಔಟ್‌ಪುಟ್ ಮೇಲೆ ಓಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ‘ಜಮೀನು ದಾಖಲೆ 2019.ಜಿಪ್’ ಎಂಬ ಒಂದು ಹೆಸರು ಅಲ್ಲಿ ಖಾಲಿ ಜಾಗಗಳಲ್ಲಿ ಒಡೆದು ಮೂರು ಚೂರಾಗುತ್ತದೆ. ಯಾವ ಹೆಸರಿಗೂ ಹೊಂದುವ ನಕ್ಷತ್ರ ಚಿಹ್ನೆಯನ್ನು (*.zip) ನೇರವಾಗಿ ಕೊಟ್ಟು, ವೇರಿಯಬಲನ್ನು ಸದಾ ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟರೆ ಹೆಸರು ಇಡಿಯಾಗಿ ಉಳಿಯುತ್ತದೆ. ನಕ್ಷತ್ರಕ್ಕೂ ಮೊದಲು ಚುಕ್ಕಿ ಮತ್ತು ಸ್ಲ್ಯಾಶ್ ಸೇರಿಸಿದರೆ, ಹೈಫನ್‌ನಿಂದ ಶುರುವಾಗಿ ಕಮಾಂಡಿನ ಆಯ್ಕೆಯಂತೆ ಕಾಣುವ ಹೆಸರೂ ತೊಂದರೆ ಕೊಡುವುದಿಲ್ಲ. ಜಿಪ್ ಒಂದೂ ಇಲ್ಲದಿದ್ದಾಗ ನಕ್ಷತ್ರವೇ ಹೆಸರಾಗಿ ಒಳನುಗ್ಗುವುದನ್ನು ಬ್ಯಾಷ್‌ನ ನಲ್‌ಗ್ಲಾಬ್ ಸೆಟ್ಟಿಂಗ್ ತಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ, ಬಿಚ್ಚುವ ಕಮಾಂಡಾದ ಅನ್‌ಜಿಪ್ ಸೋತ ಕ್ಷಣದಲ್ಲಿ ಕಡತದ ಹೆಸರು ಕೈಯಲ್ಲೇ ಇರುತ್ತದೆ.

ಒಳಫೋಲ್ಡರುಗಳಿದ್ದರೆ ಫೈಂಡ್ ಬೇಕು. ಸಿಕ್ಕ ಕಡತಗಳ ಮೇಲೆ ಬೇರೊಂದು ಕಮಾಂಡ್ ಓಡಿಸುವ ಅದರ ಎಕ್ಸೆಕ್ ಆಯ್ಕೆಯನ್ನು ಪ್ಲಸ್‌ನಿಂದ ಮುಗಿಸಿದರೆ ಹೆಸರುಗಳು ಒಟ್ಟಿಗೆ ಹೋಗಿ ಕೆಲಸ ಕೆಡುತ್ತದೆ: ಅನ್‌ಜಿಪ್ ಮೊದಲ ಹೆಸರನ್ನು ಮಾತ್ರ ಕಟ್ಟು (ಜಿಪ್ ಕಡತ) ಎಂದುಕೊಂಡು, ಉಳಿದವನ್ನು ಅದರೊಳಗೆ ಹುಡುಕುತ್ತದೆ. ಸೆಮಿಕೋಲನ್‌ನಿಂದ ಮುಗಿಸಿದರೆ ಒಂದೊಂದಾಗಿ ಸರಿಯಾಗಿ ನಡೆಯುತ್ತದೆ. ಆದರೆ ಅನ್‌ಜಿಪ್ ಸೋತರೂ ಫೈಂಡ್ ಕೊನೆಗೆ ಸೊನ್ನೆಯನ್ನೇ, ಅಂದರೆ ಯಶಸ್ಸನ್ನೇ, ವರದಿ ಮಾಡುತ್ತದೆ. ಹಾಗಾಗಿ ನಾನು ಪ್ರಿಂಟ್‌ಝೀರೋ (ಪ್ರತಿ ಹೆಸರಿನ ಕೊನೆಗೆ ನಲ್ ಅಕ್ಷರವಿಡುವ ಆಯ್ಕೆ) ಬಳಸಿ, ಹೆಸರುಗಳನ್ನು ಒಂದೊಂದಾಗಿ ಓದುವ ವೈಲ್ ಲೂಪಿಗೆ ಕೊಡುತ್ತೇನೆ. ಅಲ್ಲೊಂದು ಗುಪ್ತ ಅಪಾಯವಿದೆ. ‘ಹಳೆಯ ಕಡತದ ಮೇಲೆ ಬರೆಯಲೇ?’ ಎಂದು ಅನ್‌ಜಿಪ್ ಕೇಳಿದಾಗ, ಸರದಿಯಲ್ಲಿರುವ ಮುಂದಿನ ಕಡತದ ಹೆಸರನ್ನೇ ಉತ್ತರವೆಂದು ನುಂಗಿಬಿಡುತ್ತದೆ. ಅದರ ಇನ್‌ಪುಟ್ಟನ್ನು ಡೆವ್‌ನಲ್‌ಗೆ (ಓದಲು ಏನೂ ಇಲ್ಲದ ವಿಶೇಷ ಕಡತ) ತಿರುಗಿಸಿದರೆ ಈ ಕಾಟವಿಲ್ಲ.

ಎಕ್ಸ್‌ಆರ್ಗ್ಸ್ ನಿಜಕ್ಕೂ ವೇಗಿ. ಕೇಳಿದರೆ ನಾಲ್ಕು ಕಡತಗಳನ್ನು ಒಟ್ಟೊಟ್ಟಿಗೆ ಬಿಚ್ಚಿಸುತ್ತದೆ; ನಲ್‌ನಿಂದ ಬೇರ್ಪಟ್ಟ ಹೆಸರುಗಳನ್ನು ಓದುವ ಇದರ ಸೊನ್ನೆ ಆಯ್ಕೆ, ಯುನಿಕ್ಸ್ ಬಗೆಯ ವ್ಯವಸ್ಥೆಗಳ 2024ರ ಪಾಸಿಕ್ಸ್ ಮಾನದಂಡಕ್ಕೂ ಸೇರಿದೆ. ಆದರೆ ಒಂದು ಕಡತ ಕೆಟ್ಟರೆ ಗ್ನೂ ಆವೃತ್ತಿ (ಲಿನಕ್ಸ್‌ನಲ್ಲಿ ಸಾಮಾನ್ಯವಾದದ್ದು) ಕೊಡುವುದು 123 ಎಂಬ ಸಂಖ್ಯೆ ಮಾತ್ರ. ಏನೋ ಸೋತಿದೆ ಎಂದು ತಿಳಿಯುತ್ತದೆ, ಯಾವುದು ಎಂದಲ್ಲ.

ಅಳಿಸುವ ಕೆಲಸವಿದ್ದರೆ ನನ್ನ ಆಯ್ಕೆ ಲೂಪ್‌ಗಳೇ. ಪ್ರತಿ ಕಟ್ಟಿಗೂ ಹೊಸ ಖಾಲಿ ಫೋಲ್ಡರ್ ಮಾಡಿಸಿ, ಅದು ಮೊದಲೇ ಇದ್ದರೆ ಆ ಕಟ್ಟನ್ನು ಮುಟ್ಟದೆ ಬಿಡಿ. ಇಲ್ಲದಿದ್ದರೆ ‘ಮೇಲೆ ಬರೆಯಬೇಡ’ ಎಂಬ ಆಯ್ಕೆ ಹಳೆಯ ಕಡತಗಳನ್ನು ಹಾಗೆಯೇ ಬಿಟ್ಟು ಯಶಸ್ಸು ಎನ್ನುತ್ತದೆ, ಮೂಲ ಅಳಿದುಹೋಗುತ್ತದೆ. ಎಕ್ಸ್‌ಆರ್ಗ್ಸನ್ನು ನಾನು ಕಟ್ಟುಗಳ ಪರೀಕ್ಷೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅಲ್ಲಿ ಅಳಿಸುವುದೇನೂ ಇಲ್ಲ.