"20 ಜನ ಒಟ್ಟಿಗೆ ಆಡಬಹುದು" ಅಂದವರಿಗೆ ಅಡ್ವಾನ್ಸ್ ಕಳಿಸುವ ಮುನ್ನ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಮಕ್ಕಳ ಬರ್ತ್‌ಡೇಗೋ ಸೊಸೈಟಿ ಕಾರ್ಯಕ್ರಮಕ್ಕೋ ವಿಡಿಯೋ ಗೇಮ್ ಸೆಟ್ ಬಾಡಿಗೆಗೆ ತರಿಸುವ ಯೋಚನೆ ಇದೆಯಾ? ಹಾಗಾದರೆ ಮೊದಲು ಇದನ್ನು ಓದಿ. ದುಡ್ಡು ಆಮೇಲೆ ಕಳಿಸಿದರಾಯಿತು. ನಮಗೆ ಸೆಟ್ ಕೊಟ್ಟವನ ಹೆಸರು ಹಾಕುತ್ತಿಲ್ಲ. ಇದೇ ಕಥೆ ಆಫೀಸಿನಲ್ಲಿ ಹೇಳಿದಾಗ "ನಮಗೂ ಹಿಂಗೇ ಆಯ್ತು" ಅಂದವರು ಸಿಕ್ಕರು, ಅವರಿಗೆ ಟೋಪಿ ಹಾಕಿದವನು ಬೇರೆಯವನು.

ಅಕ್ಕನ ಮಗನಿಗೆ ಹತ್ತು ತುಂಬಿತು. ಡೊಂಬಿವಲಿಯಲ್ಲಿ ಅವರ ಬಿಲ್ಡಿಂಗ್ ಕೆಳಗೇ ಹಾಲ್ ಇದೆ. ಜುಲೈ ತಿಂಗಳು, ಹೊರಗೆ ಆಡಿಸೋಣ ಅಂದರೆ ಜಡಿಮಳೆ. ಮಕ್ಕಳೇ ಕೇಳಿದ್ದು ಮಾರಿಯೋ ಪಾರ್ಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ನಿಂಟೆಂಡೊ ಕಂಪನಿಯ ಆಟ, ಮೊದಲು ಬಂದದ್ದು 1998ರಲ್ಲಿ. ಹಾವು ಏಣಿ ಆಟದ ಹಾಗೆ ದಾಳ ಹಾಕಿ ಬಿದ್ದಷ್ಟು ಮನೆ ಮುಂದಕ್ಕೆ ಹೋಗಬೇಕು. ಸುತ್ತು ಮುಗಿದಾಗಲೆಲ್ಲ ಎಲ್ಲರಿಗೂ ಸೇರಿ ಒಂದು ಪುಟ್ಟ ಮಿನಿಗೇಮ್. ಓಡು, ಹಾರು, ಮೊದಲು ಒತ್ತಿದವನು ಗೆದ್ದ, ಮುಗೀತು. ಬಹಳಷ್ಟು ಒಂದು ನಿಮಿಷವೂ ಇರುವುದಿಲ್ಲ. ಕಂಟ್ರೋಲರ್ ಮುಟ್ಟಿ ಗೊತ್ತಿಲ್ಲದ ದೊಡ್ಡಮ್ಮನೂ ಕೂತು ಆಡಬಹುದು, ಅದೇ ಇದರ ಚಂದ.

ಜಾಹೀರಾತಿನಲ್ಲಿ ಇದ್ದದ್ದು 'ಸೂಪರ್ ಮಾರಿಯೋ ಪಾರ್ಟಿ ಜಾಂಬೊರೀ' ಡಬ್ಬಿಯ ಫೋಟೊ. 2024ರ ಅಕ್ಟೋಬರ್‌ನಲ್ಲಿ ಬಂದ ಆಟ, 110ಕ್ಕೂ ಜಾಸ್ತಿ ಮಿನಿಗೇಮ್ ಇವೆ. ಕೆಳಗೆ ದಪ್ಪ ಅಕ್ಷರದಲ್ಲಿ "20 ಜನ ಒಟ್ಟಿಗೆ ಆಡಿ". ಈ 20 ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಜಾಂಬೊರೀಯಲ್ಲಿ 20 ಜನರ ಪಂದ್ಯ ನಿಜವಾಗಿಯೂ ಇದೆ, ಆದರೆ ಆನ್‌ಲೈನ್‌ನಲ್ಲಿ. ಅವರವರ ಕನ್ಸೋಲ್ (ಆಟ ಓಡಿಸುವ ಯಂತ್ರ, ಇಲ್ಲಿ ನಿಂಟೆಂಡೊ ಸ್ವಿಚ್) ಮುಂದೆ ಕೂತವರು ಇಂಟರ್ನೆಟ್ ಮೂಲಕ ಸೇರುವುದು ಅದು. ಒಂದು ಹಾಲ್, ಒಂದು ಕನ್ಸೋಲ್, ಒಂದು ಪರದೆ ಅಂದರೆ ನಾಲ್ಕೇ ಜನ. ಮಿಕ್ಕವರು ಸರದಿ ಕಾಯಬೇಕು. ಫೋನಿನಲ್ಲಿ ನೇರವಾಗಿಯೇ ಕೇಳಿದ್ದೆ, ಒಂದೇ ಕನ್ಸೋಲ್‌ನಲ್ಲಿ ಎಷ್ಟು ಜನ ಅಂತ. "ಸಬ್ ಖೇಲ್ ಸಕ್ತೇ ಹೈ, ಸರ್" ಅಂದ. ಬಾಡಿಗೆ 3,500 ರೂಪಾಯಿ, ಡೆಪಾಸಿಟ್ 5,000. ಎರಡೂ ಯುಪಿಐ, ಎರಡೂ ಮುಂಗಡ.

ಬಂದದ್ದು ಬೇರೆ ಆಟ. 2018ರ 'ಸೂಪರ್ ಮಾರಿಯೋ ಪಾರ್ಟಿ', 80 ಮಿನಿಗೇಮ್. ಅದೂ ಒಳ್ಳೆಯ ಆಟವೇ, ನನ್ನ ಜಗಳ ಆಟದ ಜೊತೆ ಅಲ್ಲ. ಸೆಟ್ ತಂದ ಹುಡುಗ ಒಂದು ಜೋಡಿ ಜಾಯ್‌ಕಾನ್ (ಸ್ವಿಚ್‌ನ ಪುಟ್ಟ ಕಂಟ್ರೋಲರ್), ಎರಡು ದೊಡ್ಡ ಪ್ರೊ ಕಂಟ್ರೋಲರ್ ಮೇಜಿನ ಮೇಲಿಟ್ಟ. ಲೆಕ್ಕಕ್ಕೆ ನಾಲ್ಕು. ಆದರೆ ಈ ಆಟಕ್ಕೆ ಪ್ರೊ ಕಂಟ್ರೋಲರ್ ಆಗುವುದೇ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಜಾಯ್‌ಕಾನ್ ಬೇಕೇ ಬೇಕು. ಬಾಡಿಗೆಯೇ ಕಸುಬಾದವನಿಗೆ ಇಷ್ಟು ಗೊತ್ತಿರಬೇಡವಾ? ಇನ್ನೊಂದು ಜೋಡಿ ಠಾಣೆಯಿಂದ ಬರಬೇಕಾಯಿತು. ಆ ಮಳೆಯಲ್ಲಿ ಶಿಳ್‌ಫಾಟಾ ಜಂಕ್ಷನ್ ದಾಟಿ ಬರುವುದು ಅಂದರೆ ಗೊತ್ತಲ್ಲ. ಅಷ್ಟರಲ್ಲಿ ಗೋಳಿಬಜೆ ಖಾಲಿ.

ಬಂದ ಜೋಡಿಯೂ ಕನೆಕ್ಟ್ ಆಗಲಿಲ್ಲ. ಹುಡುಗ ಒತ್ತುತ್ತಾನೆ, ದೀಪ ಓಡುತ್ತದೆ, ಆರುತ್ತದೆ. "ಹಾಲ್‌ನಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ" ಅಂದ. ಕಂಟ್ರೋಲರ್‌ಗೂ ಮೊಬೈಲ್ ನೆಟ್‌ವರ್ಕ್‌ಗೂ ಏನು ಸಂಬಂಧ? ಪಕ್ಕದ ಫ್ಲಾಟಿನ ಹುಡುಗಿ, ಇಂಜಿನಿಯರಿಂಗ್ ಓದುತ್ತಿದ್ದಾಳೆ, ಸುಮ್ನೆ ನೋಡುತ್ತಾ ನಿಂತಿದ್ದವಳು "ಅಂಕಲ್, ಆ ಸ್ಪೀಕರ್ ತೆಗೆದು ನೋಡಿ" ಅಂದಳು. ಅವಳು ಹೇಳಿದ್ದೇ ಸರಿ. ಸ್ಪೀಕರನ್ನು ಬ್ಲೂಟೂತ್‌ನಲ್ಲಿ ಸೀದಾ ಕನ್ಸೋಲ್‌ಗೇ ಜೋಡಿಸಿದ್ದ. ನಿಂಟೆಂಡೊ ಸ್ವಿಚ್‌ಗೆ ಬ್ಲೂಟೂತ್ ಆಡಿಯೋ ಬಂದದ್ದು 2021ರ ಅಪ್‌ಡೇಟ್‌ನಲ್ಲಿ. ಅದು ಚಾಲೂ ಇರುವಷ್ಟು ಹೊತ್ತು ವೈರ್‌ಲೆಸ್ ಕಂಟ್ರೋಲರ್ ಎರಡೇ ನಡೆಯುತ್ತವೆ. ಮೂರನೆಯದನ್ನು ಎಷ್ಟು ಒತ್ತಿದರೂ ಅಷ್ಟೆ. ಸ್ಪೀಕರ್‌ಗೆ ಪ್ರೊಜೆಕ್ಟರ್‌ನಿಂದ ವೈರ್ ಎಳೆದ ಮೇಲೆ ನಾಲ್ಕೂ ಬಂದವು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ದಿನಗೂಲಿಗೆ ಬಂದವನು. ಮಾಲೀಕ ಮಾತ್ರ ಫೋನಿನಲ್ಲಿ "ಟೆನ್ಶನ್ ಮತ್ ಲೋ" ಬಿಟ್ಟರೆ ಬೇರೆ ಮಾತಾಡಲಿಲ್ಲ.

ಇನ್ನು ಪ್ರೊಜೆಕ್ಟರ್. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ದೊಡ್ಡ ಪರದೆ ಅಂದ ಕೂಡಲೇ ಎಲ್ಲರೂ ಬೀಳುವುದು ಇಲ್ಲಿಗೇ. ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಗುಂಡಿ ಒತ್ತಿದರೆ ಮಾರಿಯೋ ಒಂದು ಕ್ಷಣ ಬಿಟ್ಟು ಹಾರುತ್ತಿದ್ದ. ಪ್ರೊಜೆಕ್ಟರ್ ಚಿತ್ರವನ್ನು ಬರೀ ತೋರಿಸುವುದಿಲ್ಲ, ಒಳಗೆ ತಿದ್ದಿ ತೋರಿಸುತ್ತದೆ. ಹುಡುಗ ಅದನ್ನು ಮೂಲೆಯ ಮೇಜಿನ ಮೇಲೆ ಓರೆಯಾಗಿ ಇಟ್ಟು, ಕೀಸ್ಟೋನ್ ಅನ್ನೋ ಸೆಟ್ಟಿಂಗ್ ಹಾಕಿ ಚಿತ್ರ ನೆಟ್ಟಗೆ ಮಾಡಿದ್ದ. ಎಷ್ಟೋ ಪ್ರೊಜೆಕ್ಟರ್‌ಗಳಲ್ಲಿ ಅದರಿಂದಲೂ ತಡವಾಗುತ್ತದೆ. ಸಿನಿಮಾ ನೋಡುವಾಗ ಇದು ಯಾರಿಗೂ ಗೊತ್ತಾಗಲ್ಲ. ಆಟದಲ್ಲಿ ಹಾಗಲ್ಲ. ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತಡ ಅಂದರೆ ನೀವು ಆರು ಚಿತ್ರ ಹಿಂದಿನದನ್ನು ನೋಡಿ ಒತ್ತುತ್ತಿದ್ದೀರಿ. ಎಲ್ಲರಿಗೂ ಒಂದೇ ತಡ ತಾನೇ ಅನ್ನಬಹುದು. ಆದರೆ ತಾಳಕ್ಕೆ ಸರಿಯಾಗಿ ಕೈ ಬೀಸುವ ಮಿನಿಗೇಮ್‌ಗಳಿವೆ, ಅಲ್ಲಿ ಸರಿಯಾಗಿ ಬೀಸಿದ ಮಗುವಿಗೂ ತಪ್ಪು ಅಂತಲೇ ಬರುತ್ತದೆ. ಒಬ್ಬಳು ಪುಟ್ಟಿ "ನಾನು ಕರೆಕ್ಟಾಗೇ ಮಾಡ್ದೆ" ಅಂತ ಅತ್ತೇಬಿಟ್ಟಳು. ಅವಳು ಮಾಡಿದ್ದು ಕರೆಕ್ಟೇ.

ಇದೇ ಜಾತಿಯ 'ವಾರಿಯೋವೇರ್' 2003ರಿಂದ ಇದೆ. ಅದರಲ್ಲಿ ಒಂದೊಂದು ಆಟ ಕೆಲವೇ ಸೆಕೆಂಡು, ಆಡುತ್ತಾ ಹೋದಂತೆ ವೇಗವೂ ಏರುತ್ತದೆ. ಅದನ್ನು ಈ ಪ್ರೊಜೆಕ್ಟರ್ ಮೇಲೆ ಹಾಕಿದ್ದರೆ ಗತಿ ಏನು?

ಕೊನೆಗೆ ಭಾವ ಪ್ರೊಜೆಕ್ಟರ್ ಬಂದ್ ಮಾಡಿ ಕನ್ಸೋಲನ್ನೇ ಡಾಕ್‌ನಿಂದ (ದೊಡ್ಡ ಪರದೆಗೆ ಜೋಡಿಸುವ ಸ್ಟ್ಯಾಂಡ್) ಎತ್ತಿ ಮೇಜಿನ ಮೇಲೆ ನಿಲ್ಲಿಸಿದರು. 6.2 ಇಂಚಿನ ಪರದೆ, ಸುತ್ತ ತಲೆಗಳೇ ತಲೆಗಳು. ತಡ ಮಾಯ. ಮಕ್ಕಳು ಆ ದಿನ ನಕ್ಕದ್ದು ಅದೊಂದೇ ಹೊತ್ತು. ಅದಕ್ಕೆ 3,500 ಕೊಡಬೇಕಿತ್ತಾ ಅಂತ ಅಕ್ಕ ನನ್ನ ಮುಖ ನೋಡಿದಳು.

ಆಗ ಕಂಡದ್ದು ಡ್ರಿಫ್ಟ್. ಮೇಜಿನ ಮೇಲೆ ಯಾರೂ ಮುಟ್ಟದೆ ಬಿದ್ದಿದ್ದ ಜಾಯ್‌ಕಾನ್‌ಗೆ ಸೇರಿದ, ಪರದೆಯೊಳಗಿನ ಬೊಂಬೆ ತಾನಾಗಿಯೇ ಎಡಕ್ಕೆ ನಡೆದುಕೊಂಡು ಹೋಗಿ ಅಂಚಿನಿಂದ ಕೆಳಗೆ ಬಿತ್ತು. ಕಂಟ್ರೋಲರ್ ಮೇಲಿನ ಕೋಲಿನೊಳಗಿನ (ಸ್ಟಿಕ್) ಪಟ್ಟಿ ಸವೆದರೆ ಹೀಗಾಗುತ್ತದೆ. ಬಾಡಿಗೆ ಸೆಟ್‌ಗಳು ವಾರವಾರ ಹತ್ತಾರು ಮಕ್ಕಳ ಕೈಗೆ ಹೋಗುತ್ತವೆ, ಸವೆಯದೆ ಇರುತ್ತವಾ? ಕೋಲು ಗರಗರ ತಿರುಗಿಸುವ ಮಿನಿಗೇಮ್‌ಗಳು ಮೊದಲಿಂದಲೂ ತಲೆನೋವೇ. 1998ರ ಮಾರಿಯೋ ಪಾರ್ಟಿಯಲ್ಲಿ ಮಕ್ಕಳು ಅಂಗೈಯಿಂದ ತಿರುಗಿಸಿ ತಿರುಗಿಸಿ ಬೊಬ್ಬೆ ಎದ್ದು, ನ್ಯೂಯಾರ್ಕ್ ಅಟಾರ್ನಿ ಜನರಲ್‌ವರೆಗೆ ದೂರು ಹೋಗಿ, 2000ದಲ್ಲಿ ನಿಂಟೆಂಡೊ ಆಟ ಕೊಂಡವರಿಗೆ ಪುಕ್ಕಟೆ ಗ್ಲೌಸ್ ಕೊಡಲು ಒಪ್ಪಿಕೊಂಡಿತ್ತು. ಆಟಕ್ಕೆ ಗ್ಲೌಸ್!

ಕೇಕ್ ಕತ್ತರಿಸಿ ಬಂದು ಮತ್ತೆ ಶುರು ಮಾಡಿದೆವು. ಸ್ವಲ್ಪ ಹೊತ್ತಿಗೆ ಆಟ ಅರ್ಧಕ್ಕೆ ನಿಂತು ಪರದೆ ಮೇಲೆ ಸಂದೇಶ ಬಂತು. ಇದೇ ಆಟವನ್ನು ಬೇರೆ ಕನ್ಸೋಲ್‌ನಲ್ಲಿ ಆಡುತ್ತಿದ್ದಾರೆ ಅಂತ. ಆಗ ಅರ್ಥವಾಯಿತು. ಆಟದ ಕಾರ್ಟ್ರಿಡ್ಜ್ (ಕನ್ಸೋಲ್‌ಗೆ ಸಿಕ್ಕಿಸುವ, ಆಟ ಇರುವ ಪುಟ್ಟ ಕಾರ್ಡ್) ಇರಲೇ ಇಲ್ಲ. ಒಂದೇ ಅಕೌಂಟಿನಲ್ಲಿ ಒಂದು ಡಿಜಿಟಲ್ ಕಾಪಿ ಕೊಂಡು ಎಲ್ಲಾ ಬಾಡಿಗೆ ಕನ್ಸೋಲ್‌ಗೂ ಹಾಕಿದ್ದಾನೆ. ಆ ಹೊತ್ತಿಗೆ ಇನ್ನೆಲ್ಲೋ ಇನ್ಯಾರದೋ ಬರ್ತ್‌ಡೇ. ಅವರು ಶುರು ಮಾಡಿದರು, ನಮ್ಮದು ನಿಂತಿತು. ಆರಂಭದಲ್ಲೇ ಹುಡುಗ ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೇಳಿದ್ದು ಯಾಕೆ ಅಂತ ಆಗ ತಿಳಿಯಿತು. ಹೀಗೆ ಆನ್‌ಲೈನ್ ಲೈಸೆನ್ಸ್ ಮೇಲೆ ಆಡುವ ಡಿಜಿಟಲ್ ಆಟ ತೆರೆಯುವಾಗ ಇಂಟರ್ನೆಟ್‌ನಲ್ಲಿ ತಪಾಸಣೆ ಆಗಬೇಕು. ಕಾರ್ಟ್ರಿಡ್ಜ್ ಇದ್ದಿದ್ದರೆ ಈ ರಗಳೆಯೇ ಇಲ್ಲ. ಹಾಗಾಗಿ ಏನು ಕೇಳುತ್ತೀರೋ ಬಿಡುತ್ತೀರೋ, "ಕಾರ್ಟ್ರಿಡ್ಜ್ ಇದೆಯಾ, ಫೋಟೊ ಕಳಿಸಿ" ಅಂತ ಮಾತ್ರ ಕೇಳಿಯೇ ಕೇಳಿ.

ಸೆಟ್ ಇಳಿಸಿದ ಕೂಡಲೇ ಅಲ್ಲೇ, ಆ ಹುಡುಗನ ಎದುರೇ ನೋಡಬಹುದಾದವು ಇವು. ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋದರೆ ಕೋಲು ಕ್ಯಾಲಿಬ್ರೇಟ್ ಮಾಡುವ ಜಾಗ ಇದೆ. ಕೈ ಬಿಟ್ಟಾಗ ಗುರುತು ನಡುವೆ ನಿಲ್ಲಬೇಕು, ಅಲ್ಲಾಡಿದರೆ ಆ ಜಾಯ್‌ಕಾನ್ ವಾಪಸ್. ನಾಲ್ಕೂ ಕಂಟ್ರೋಲರ್ ಒಟ್ಟಿಗೆ ಕನೆಕ್ಟ್ ಮಾಡಿಸಿ, ಒಂದೊಂದಾಗಿ ಅಲ್ಲ. ಹೋಮ್ ಸ್ಕ್ರೀನ್‌ನಲ್ಲೇ ಗುಂಡಿ ಒತ್ತಿ ನೋಡಿ, ಬೆರಳಿಗೂ ಪರದೆಗೂ ನಡುವಿನ ಅಂತರ ಕಣ್ಣಿಗೇ ಕಂಡರೆ ಪ್ರೊಜೆಕ್ಟರ್ ಬೇಡ ಅನ್ನಿ. ಗೇಮ್ ಮೋಡ್ (ತಡ ಕಡಿಮೆ ಮಾಡುವ ಸೆಟ್ಟಿಂಗ್) ಇರುವ ಟಿವಿ ಸಾಕು. ಕೈ ಬೀಸುವ ಆಟ ಇದ್ದರೆ ಮಣಿಕಟ್ಟಿನ ಸ್ಟ್ರಾಪ್ ಎಣಿಸಿಕೊಳ್ಳಿ. ಇದನ್ನೆಲ್ಲ ವಿಡಿಯೋ ಮಾಡಿಟ್ಟುಕೊಳ್ಳಿ.

ವಿಡಿಯೋ ಯಾಕೆ ಅಂದರೆ, ಮರುದಿನ ಮಾಲೀಕನ ಮೆಸೇಜ್ ಬಂತು. "ಸ್ಟಿಕ್ ಖರಾಬ್ ಮಾಡಿದ್ದೀರಿ, 2,000 ಕಟ್." ಠಾಣೆಯಿಂದ ಬಂದ ಜೋಡಿಯನ್ನು ಬಿಚ್ಚುವಾಗಿನಿಂದಲೇ ಭಾವ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಬೊಂಬೆ ತಾನಾಗಿ ನಡೆದು ಬೀಳುವುದು ಅದರಲ್ಲೇ ಇತ್ತು. ಅದನ್ನು ಕಳಿಸಿದೆವು. ಉತ್ತರ ಇಲ್ಲ. ಜಾಂಬೊರೀ ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ ಎರಡನ್ನೂ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಅಂದ ಮೇಲೆ ಸಂಜೆಗೆ 5,000 ಪೂರ್ತಿ ವಾಪಸ್ ಬಂತು. ಬಾಡಿಗೆ ಬರಲಿಲ್ಲ, ಅದರ ದೂರು ಇನ್ನೂ ನಡೆಯುತ್ತಿದೆ. ಜಾಹೀರಾತು ಹಾಗೇ ಇದೆ, ಅದೇ ಡಬ್ಬಿ, ಅದೇ 20.

ಠಾಣೆ-ಕಲ್ಯಾಣ ಕಡೆ ಕಾರ್ಟ್ರಿಡ್ಜ್ ಸಮೇತ, ಎರಡು ಜೋಡಿ ಸರಿಯಾದ ಜಾಯ್‌ಕಾನ್ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ದಸರಾಕ್ಕೆ ಕನ್ನಡ ಸಂಘದ ಮಕ್ಕಳ ಕಾರ್ಯಕ್ರಮಕ್ಕೆ ಬೇಕಾಗಿದೆ.