ಒಂದೇ ಮೇಜು, ಮೂರು ಬಗೆಯ ಬಂಗಾರ

ಅಜ್ಜಿಮನೆಯಿಂದ ಬಂದ ತೇಗದ ಮೇಜಿಗೆ ಮೂರು ಡ್ರಾಯರ್. ಬಂಗಾರದ ಮೆರುಗು ಕೊಡಬೇಕು ಅಂತ ಹೊರಟಾಗ ಅಂಗಡಿಯವನೊಂದು ಹೇಳಿದ, ಬಡಗಿ ಇನ್ನೊಂದು. ಸರಿ, ಒಂದೊಂದು ಡ್ರಾಯರಿಗೆ ಒಂದೊಂದು ಹಚ್ಚಿಯೇ ನೋಡಿದೆ: ಬಂಗಾರ ಬಣ್ಣದ ಸ್ಪ್ರೇ, ವಾರ್ನಿಶಿನಲ್ಲಿ ಕಲಸಿದ ಲೋಹದ ಪುಡಿ, ಅಂಟಿನ ಮೇಲೆ ಕೂರಿಸುವ ಹಿತ್ತಾಳೆ ರೇಕು, ಅಂದರೆ ತೀರಾ ತೆಳ್ಳನೆಯ ಹಾಳೆ. ಮೂರಕ್ಕೂ ಮೊದಲು 120, ಆಮೇಲೆ 220 ನಂಬರಿನ ಉಪ್ಪುಕಾಗದ ತಿಕ್ಕಿ, ಕೆಳಗೆ ರೆಡ್ ಆಕ್ಸೈಡ್ ಅನ್ನುವ ಕೆಂಪು ಬಣ್ಣ ಬಳಿದಿದ್ದೆ.

ಸ್ಪ್ರೇ ಅರ್ಧ ಗಂಟೆಯ ಕೆಲಸ. ಒಂದಡಿ ದೂರದಿಂದ ತೆಳ್ಳಗೆ ಎರಡು ಸಲ ಹೊಡೆದರೆ ಮುಗಿಯಿತು. ಹಿಡಿಕೆಯ ಪಕ್ಕ ಮಾತ್ರ ಆಸೆಬಿದ್ದು ಇನ್ನೊಂಚೂರು ಹೊಡೆದೆ, ಇಳಿದು ಹನಿಗಟ್ಟಿತು. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಜಗ್ಗುವುದಿಲ್ಲ, ಅದು ನಿಜ. ಆದರೆ ತೇಗ ಹೋಗಿ ಪ್ಲಾಸ್ಟಿಕ್ ಬಂದು ಕೂತ ಹಾಗೆ ಕಾಣುತ್ತದೆ.

ಪುಡಿ ಅಗ್ಗ. ತಳಕ್ಕಿಳಿಯುವುದರಿಂದ ಬ್ರಶ್ ಅದ್ದಿದಾಗಲೆಲ್ಲ ಕಲಕಬೇಕು. ಸಪಾಟು ಜಾಗದಲ್ಲಿ ಬ್ರಶ್ಶಿನ ಗೆರೆ ಎದ್ದು ಕಾಣುತ್ತದೆ, ಕೆತ್ತನೆಯ ಬಳ್ಳಿಯ ಮೇಲೆ ಅದೇ ಗೆರೆ ಚೆಂದ! ಬೇಕಾದಷ್ಟೇ ಕಲಸಿ. ನಾನು ಮಿಕ್ಕಿದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಪುಡಿಯಲ್ಲಿರುವುದು ತಾಮ್ರವಲ್ಲವೆ, ವಾರ್ನಿಶಿನ ಹುಳಿಗೆ ವಾರದಲ್ಲೇ ಹಸಿರುಗಟ್ಟಿತು.

ರೇಕಿನದೇ ದೊಡ್ಡ ಕಥೆ. ಹದಿನಾಲ್ಕು ಸೆಂಟಿಮೀಟರಿನ ಚೌಕ ಹಾಳೆಗಳು. ಉಸಿರು ಬಿಟ್ಟರೆ ಮಡಚಿಕೊಳ್ಳುತ್ತವೆ, ಫ್ಯಾನ್ ಆರಿಸದೆ ಆ ಹಾಳೆಗಳ ಪುಸ್ತಕ ಬಿಚ್ಚಲೇಬಾರದು. ಅಂಟು ಹಚ್ಚಿದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಇಪ್ಪತ್ತು ನಿಮಿಷಕ್ಕೆ ತಿಳಿಯಾಗುತ್ತದೆ, ಆಗ ಬೆರಳಿನ ಗೆಣ್ಣು ತಾಗಿಸಿ ಎತ್ತಿದರೆ ಟಿಕ್ ಅನ್ನುತ್ತದೆ. ಅದೇ ಹದ. ನನಗೆ ತಾಳ್ಮೆಯಿರಲಿಲ್ಲ, ಬೆಳ್ಳಗಿದ್ದಾಗಲೇ ಇಟ್ಟ ಮೊದಲ ಹಾಳೆ ಸುಕ್ಕಾಗಿ ಮಂಕಾಯಿತು, ಕೆರೆದು ಮತ್ತೆ ಶುರು. ಎರಡನೇ ಸಲ ಮೆತ್ತನೆ ಬ್ರಶ್ಶಿನಿಂದ ತಟ್ಟಿ ಕೂರಿಸಿದೆ. ಹರಿದ ಕಡೆ ಒಳಗಿನ ಕೆಂಪು ಇಣುಕಿತು. ಮುಚ್ಚಲು ಚೂರುಗಳನ್ನು ಎತ್ತಿಟ್ಟುಕೊಂಡಿದ್ದೆ, ನೋಡುತ್ತ ನೋಡುತ್ತ ಬೇಡವೆನ್ನಿಸಿತು. ಕೆಂಪಿನ ಮೇಲೆ ಹಳದಿಗೆ ಬಿಸುಪು ಬರುತ್ತದೆ.

ಇದು ತಾಮ್ರ-ಸತುವಿನ ರೇಕು, ಮೇಲೊಂದು ಅರಗಿನ ಪಾಲಿಶ್ ಬೇಕೇಬೇಕು. ಬಲಮೂಲೆಯಲ್ಲಿ ಅದು ತಾಗದೇ ಉಳಿದಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ನನ್ನ ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ, ಕಂದು ಬಣ್ಣದಲ್ಲಿ. ಮೈಸೂರು ಶೈಲಿಯ ಚಿತ್ರಗಳಿಗೆ ಹಚ್ಚುವ ಅಪ್ಪಟ ಚಿನ್ನದ ರೇಕಿಗೆ ಈ ಕಾಟವಿಲ್ಲ, ಚಿನ್ನ ಕಂದುವುದಿಲ್ಲ. ಹಾಗಂತ ಕರೆಂಟ್ ಬಿಲ್ ಇಡುವ ಡ್ರಾಯರಿಗೆ ಚಿನ್ನ ಹೊದಿಸಲೆ?

ಮುಂದಿನ ಸರದಿ ಕನ್ನಡಿಯ ಚೌಕಟ್ಟಿನದು. ಅಗಲದ ಪಟ್ಟಿಗೆ ರೇಕು, ಮೂಲೆಯ ಹೂವಿಗೆ ಪುಡಿ. ಸ್ಪ್ರೇ ಡಬ್ಬಿಯಲ್ಲಿ ಉಳಿದಿದ್ದು ಬಾಲ್ಕನಿಯ ಹೂಕುಂಡಕ್ಕೆ ಹೋಯಿತು.