ರೂರ್ ಗಣಿನಾಡಿನಲ್ಲಿ ಮೂರು ಸೈಕಲ್ ದಾರಿ: ನನ್ನ ಮತ ಕಾಲುವೆ ಏರಿಗೆ

ಜರ್ಮನಿಯ ಬೋಖುಮ್ ಊರಿಗೆ ಬಂದ ಮೊದಲ ವರ್ಷ 28 ಮಿ.ಮೀ. ಟೈರಿನ ರೋಡ್ ಸೈಕಲ್ ಕೊಂಡೆ. ‘ಇಲ್ಲಿ ಎಲ್ಲ ಕಡೆಗೂ ಸೈಕಲ್ ದಾರಿ ಇದೆ, ಈ ಟೈರು ಸಾಕು’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ. ದಾರಿ ಇದ್ದದ್ದೇನೋ ನಿಜ. ಆದರೆ ಹಳೆಯ ಗಣಿ ರೈಲಿನ ಹಾದಿ, ಕಾಲುವೆ ಏರಿ, ಗಣಿಮಣ್ಣಿನ ಗುಡ್ಡ ಇವೆಲ್ಲ ಬಹುಪಾಲು ಜಲ್ಲಿಪುಡಿಯ ದಾರಿಗಳು. ಸಣ್ಣ ಟೈರು ಅಲ್ಲಿ ಹೂತುಕೊಳ್ಳುತ್ತಿತ್ತು, ಮುಂಗೈ ಜೋಮು ಹಿಡಿಯುತ್ತಿತ್ತು. ಆರು ತಿಂಗಳಿಗೆ ಅದನ್ನು ನಷ್ಟದಲ್ಲಿ ಮಾರಿ, 40 ಮಿ.ಮೀ. ಟೈರಿನ ಗ್ರ್ಯಾವೆಲ್ ಸೈಕಲ್ಲೊಂದನ್ನು ಬೇರೆಯವರು ಬಳಸಿದ್ದೇ ಕೊಂಡೆ. ಈ ಊರಿನಲ್ಲಿ ನಾನು ಕೊಂಡ ವಸ್ತುಗಳಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಬೇರೊಂದಿಲ್ಲ.

ಎರಡು ವರ್ಷದಿಂದ ಶನಿವಾರಗಳಂದು ಮೂರು ದಾರಿಗಳನ್ನು ಮತ್ತೆ ಮತ್ತೆ ತುಳಿದಿದ್ದೇನೆ. ಒಂದು, ಅದಿರು ರೈಲಿನ ಹಾದಿ ಹಿಡಿದು ಇಳಿದು, ರೈನ್-ಹೆರ್ನೆ ಕಾಲುವೆಯ ಏರಿಯ ಮೇಲೆ ಪೂರ್ವಕ್ಕೆ ಹೆನ್ರಿಶೆನ್‌ಬುರ್ಗ್‌ವರೆಗೆ ಹೋಗುವುದು. ಎರಡು, ಅದೇ ಕಾಲುವೆಯಲ್ಲಿ ಪಶ್ಚಿಮಕ್ಕೆ ಓಬರ್‌ಹೌಸನ್ ಕಡೆಗೆ. ಮೂರು, ಕಾಲುವೆ ದಾಟಿ ಹೋಹೆವಾರ್ಡ್ ಗುಡ್ಡ ಹತ್ತುವುದು. ಮೊದಲನೆಯದೇ ನನ್ನದು.

ಎರ್ತ್ಸ್‌ಬಾನ್ ಎಂದು ಕರೆಯುವ ಅದಿರು ಹಾದಿ, ಗ್ರಿಮ್‌ಬೆರ್ಗ್ ಬಂದರಿನಿಂದ ಬೋಖುಮ್‌ನ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಸಾಗಿಸಲು ಹಾಕಿದ್ದ ರೈಲು ಮಾರ್ಗ. ಹಳಿ ತೆಗೆದು ಸೈಕಲ್ ದಾರಿ ಮಾಡಿದ್ದಾರೆ. ತುಂಬಿದ ಅದಿರನ್ನು ಎಂಜಿನ್ ಎಳೆಯಬೇಕಿದ್ದುದರಿಂದ ಏರು ಎಲ್ಲಿಯೂ ಕಡಿದಾಗಿಲ್ಲ. ಒಂಬತ್ತು ಹತ್ತು ಕಿಲೋಮೀಟರ್ ದೂರ, ಎತ್ತರದ ದಿಬ್ಬದ ಮೇಲೆ, ಬರ್ಚ್ ಮರಗಳ ನಡುವೆ, ಕೆಳಗಿನ ಬೀದಿಗಳನ್ನು ಸೇತುವೆಗಳ ಮೇಲಿಂದ ನೋಡುತ್ತಾ ಒಂದೇ ಒಂದು ಸಿಗ್ನಲ್ಲಿಗೂ ನಿಲ್ಲದೆ ಇಳಿಯುತ್ತೀರಿ. ಕೊನೆಗೆ ಕುಡುಗೋಲಿನಂತೆ ಬಾಗಿದ ಸೇತುವೆ ನಿಮ್ಮನ್ನು ಕಾಲುವೆಯ ಮೇಲೆ ತಂದು ನಿಲ್ಲಿಸುತ್ತದೆ.

ಅಲ್ಲಿಂದ ಬಲಕ್ಕೆ ತಿರುಗಿದರೆ ಸುಮಾರು 20 ಕಿಲೋಮೀಟರ್ ನೀರಿನ ಜೊತೆ. 1914ರಲ್ಲಿ ತೆರೆದ ಈ ಕಾಲುವೆಯ ಉದ್ದ 45 ಕಿಲೋಮೀಟರಿಗಿಂತ ತುಸು ಹೆಚ್ಚು. ಹಡಗುಗಳನ್ನು ಏರಿಸಿ ಇಳಿಸುವ ಲಾಕ್‌ಗಳು ಮೊದಲು ಏಳಿದ್ದವು, ಈಗ ಐದು. ಕೆಳಗಿನ ಕಲ್ಲಿದ್ದಲು ತೆಗೆದಂತೆ ನೆಲ ಕುಸಿಯಿತು, ಕಾಲುವೆಯ ಏರಿಯನ್ನು ಎತ್ತರಿಸುತ್ತಾ ಬರಬೇಕಾಯಿತು. ಅದಕ್ಕೇ ಕೆಲವೆಡೆ ನೀರು ಮೇಲೆ, ಮನೆಗಳು ಕೆಳಗೆ. ಏರಿಯ ಮೇಲೆ ಸೈಕಲ್ ತುಳಿಯುವವನಿಗೆ ಎದುರಿನ ಮನೆಯ ಹೆಂಚು ಕಣ್ಣಿನ ಮಟ್ಟಕ್ಕೆ ಕಾಣುತ್ತದೆ. ಕೆರೆ ಏರಿಯ ಮೇಲೆ ನಡೆದು ಬೆಳೆದ ನನಗೆ ಇದು ಬಹಳ ಹತ್ತಿರದ ನೋಟ.

ಹೆನ್ರಿಶೆನ್‌ಬುರ್ಗ್‌ನಲ್ಲಿ 1899ರ ಹಡಗು ಎತ್ತುವ ಯಂತ್ರವಿದೆ. ನೀರು ತುಂಬಿದ ದೊಡ್ಡ ತೊಟ್ಟಿ, ಅದರೊಳಗೆ ಹಡಗು, ತೊಟ್ಟಿಯ ಕೆಳಗೆ ನೀರುಬಾವಿಗಳಲ್ಲಿ ತೇಲುತ್ತಾ ಅದನ್ನು ಹೊರುವ ಐದು ಟೊಳ್ಳು ಡ್ರಮ್ಮುಗಳು. ಹಡಗು ಒಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆಯಾದ್ದರಿಂದ ತೊಟ್ಟಿಯ ಒಟ್ಟು ತೂಕ ಬದಲಾಗುವುದಿಲ್ಲ. ಹಾಗಾಗಿ 14 ಮೀಟರ್ ಮೇಲೆತ್ತಲು ಅಲ್ಪ ಶಕ್ತಿ ಸಾಕಾಗುತ್ತಿತ್ತು. ಈಗ ಅದು ವಸ್ತುಸಂಗ್ರಹಾಲಯ. ಅದರ ಎದುರು ಕೂತು ಡಬ್ಬಿಯ ಚಿತ್ರಾನ್ನ ತಿನ್ನುವುದಕ್ಕಾಗಿಯೇ ಮೂವತ್ತು ಕಿಲೋಮೀಟರ್ ತುಳಿಯಬಹುದು.

ಪಶ್ಚಿಮದ ದಾರಿಯಲ್ಲಿ ನೋಡುವಂಥದ್ದು ಹೆಚ್ಚಿದೆ. 1993ರಲ್ಲಿ ಮುಚ್ಚಿದ ನಾರ್ಡ್‌ಸ್ಟರ್ನ್ ಗಣಿಯ ಜಾಗದ ಉದ್ಯಾನ, ಅಲ್ಲಿನ ಕೆಂಪು ಜೋಡಿ ಕಮಾನಿನ ಸೇತುವೆ, ಓಬರ್‌ಹೌಸನ್‌ನಲ್ಲಿ ನೂರು ಮೀಟರ್ ಮೀರಿದ ಗ್ಯಾಸ್ ಟ್ಯಾಂಕ್. ಊರಿನಿಂದ ನೆಂಟರು ಬಂದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಆದರೆ ಬಿಸಿಲಿನ ದಿನ ಅಲ್ಲಿ ಮಕ್ಕಳು, ನಾಯಿಗಳು, ದಂಡೆಯ ಮೇಲೆ ಮಾಂಸ ಸುಡುವ ಕುಟುಂಬಗಳು. ಐದು ನಿಮಿಷ ಒಂದೇ ಲಯದಲ್ಲಿ ತುಳಿಯಲಾಗುವುದಿಲ್ಲ.

ಹೋಹೆವಾರ್ಡ್ ನನ್ನ ಸಹೋದ್ಯೋಗಿಯೊಬ್ಬರ ಪಕ್ಷ. ಮೈಸೂರಿನವರು, ಚಾಮುಂಡಿ ಬೆಟ್ಟ ಹತ್ತಿದ ಕಾಲು. ಏರಿಲ್ಲದ ಸವಾರಿ ಅವರಿಗೆ ಸವಾರಿಯೇ ಅಲ್ಲ. ಗಣಿಯಿಂದ ಹೊರಬಂದ ಕಲ್ಲುಮಣ್ಣನ್ನು ಸುರಿದು ಸುರಿದು ಆದ ಗುಡ್ಡವದು, ತುದಿ ಸಮುದ್ರಮಟ್ಟದಿಂದ 152 ಮೀಟರ್. ಬುಡದಲ್ಲಿರುವ ಎವಾಲ್ಡ್ ಗಣಿ ಮುಚ್ಚಿದ್ದು 2000ದಲ್ಲಿ. ಮೇಲೆ ಎರಡು ಭಾರಿ ಉಕ್ಕಿನ ಕಮಾನುಗಳು, ಸುತ್ತಲೂ ಇಡೀ ಗಣಿನಾಡು. ಅಲ್ಲಿ ನಿಂತಾಗಲೆಲ್ಲ ನನಗೆ ಕೆ.ಜಿ.ಎಫ್.ನಲ್ಲಿ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ಗುಡ್ಡ ನೆನಪಾಗುತ್ತದೆ. ನನ್ನ ತಾಯಿಯ ತವರು ಬಂಗಾರಪೇಟೆ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಇಲ್ಲಿ ಪಕ್ಕದ ಎಸ್ಸೆನ್‌ನ ತ್ಸೋಲ್‌ಫೆರೈನ್ ಗಣಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಇಲ್ಲಿ ಗುಡ್ಡಕ್ಕೆ ಹುಲ್ಲು ಹೊದಿಸಿ ಸೈಕಲ್ ದಾರಿ ಮಾಡಿದ್ದಾರೆ, ಅಲ್ಲಿ ಗಾಳಿ ಬೀಸಿದರೆ ಧೂಳು ಮನೆಗಳಿಗೆ ಬರುತ್ತದೆ. ಈ ನೋವಿನಿಂದಾಗಿ ಗುಡ್ಡವನ್ನು ಬರೀ ಸವಾರಿಯ ಜಾಗವಾಗಿ ನೋಡಲು ನನ್ನಿಂದ ಆಗಿಲ್ಲ.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ ವಿಷಯ: ಬೂದು ಕೆಸರು. ಈ ದಾರಿಗಳಿಗೆ ಜಲ್ಲಿ ಹಾಸಿ, ಮೇಲೆ ಕಲ್ಲುಪುಡಿ ಹರಡಿ, ನೀರು ಹೊಯ್ದು ರೋಲರ್ ಓಡಿಸುತ್ತಾರೆ. ಒಣಗಿದ್ದಾಗ ಡಾಂಬರಿಗಿಂತ ಹಿತ. ಅಕ್ಟೋಬರ್ ಕಳೆದು ಮಳೆ ಹಿಡಿಯಿತೆಂದರೆ ಮೇಲಿನ ಪುಡಿ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಅದು ಮಣ್ಣಿನ ಕೆಸರಿನಂತೆ ಮೆತ್ತಿಕೊಂಡು ಉದುರುವುದಿಲ್ಲ. ಚೈನಿನ ಪ್ರತಿ ಕೊಂಡಿಗೂ ಇಳಿದು, ಬ್ರೇಕ್ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಅರೆಯುತ್ತದೆ. ಉಪ್ಪುಕಾಗದದಿಂದ ಉಜ್ಜಿದಂತೆ ಕರಕರ ಸದ್ದು.

ಮೊದಲ ನವೆಂಬರಿನಲ್ಲಿ ಹೋಹೆವಾರ್ಡ್ ಇಳಿಯುವಾಗ ಬ್ರೇಕಿನ ಹಿಡಿ ಹ್ಯಾಂಡಲ್ ಮುಟ್ಟುವಷ್ಟು ಒಳಗೆ ಬಂತು. ಇಳಿದು ತಳ್ಳಿಕೊಂಡು ಬಂದೆ. ಎರಡು ವಾರದ ಹಿಂದಷ್ಟೇ ಹಾಕಿಸಿದ ರೆಸಿನ್ ಪ್ಯಾಡುಗಳು ಸವೆದು ತಗಡು ಕಾಣುತ್ತಿತ್ತು. ಆಮೇಲೆ ಲೋಹದ ಪುಡಿಯ ಪ್ಯಾಡಿಗೆ ಬದಲಾದೆ; ಸದ್ದು ಹೆಚ್ಚು, ಆಯುಸ್ಸೂ ಹೆಚ್ಚು. ಚೈನಿಗೆ ಎಣ್ಣೆ ಬಿಟ್ಟು ಮೇಣ ಹಾಕಲಾರಂಭಿಸಿದೆ, ಉದ್ದನೆಯ ಮಡ್‌ಗಾರ್ಡ್ ಕಟ್ಟಿದೆ. ತೊಳೆಯುವುದು ಇನ್ನೊಂದು ಪಾಡು. ನಮ್ಮದು ಮೂರನೆಯ ಮಹಡಿ, ಅಂಗಳದಲ್ಲಿ ನಲ್ಲಿಯಿಲ್ಲ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸೈಕಲ್ ತೊಳೆಯಬಾರದೆಂಬ ನಿಯಮ. ಬಕೆಟ್ಟಿನಲ್ಲಿ ನೀರು ಹೊತ್ತು ಇಳಿಯಬೇಕು. ಕೆಸರು ಒಣಗಿತೋ, ಸಿಮೆಂಟು.

ಈ ವಿಷಯದಲ್ಲಿ ಮೂರೂ ದಾರಿ ಸಮವಲ್ಲ. ಕಾಲುವೆ ಏರಿ ಗಾಳಿಗೆ ತೆರೆದಿದೆ, ಒಂದು ದಿನ ಮಳೆ ಬಿಟ್ಟರೆ ಒಣಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಬಿಡುವಂತಿಲ್ಲವಾದ್ದರಿಂದ ಸವೆತ ಅಲ್ಲೇ ಹೆಚ್ಚು. ನನ್ನ ಮೆಚ್ಚಿನ ಅದಿರು ಹಾದಿ ಮರದ ನೆರಳಿನಲ್ಲಿರುವುದರಿಂದ ಮೂರು ದಿನವಾದರೂ ಒದ್ದೆಯೇ. ಆದ್ದರಿಂದ ಚಳಿಗಾಲದಲ್ಲಿ ಬೋಖುಮ್‌ನಿಂದ ಗ್ಲ್ಯುಕೌಫ್-ಬಾನ್ ರೈಲು ಹತ್ತಿ ವಾನೆ-ಐಕೆಲ್‌ನಲ್ಲಿ ಇಳಿದು ನೇರವಾಗಿ ಕಾಲುವೆಗೆ ಹೋಗುತ್ತೇನೆ. ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು. ಒಂದು ಜೊತೆ ಪ್ಯಾಡಿನ ಬೆಲೆಗಿಂತ ಅದು ಕಡಿಮೆ.

ಎಮ್ಷರ್ ನದಿಯ ದಂಡೆಯ ದಾರಿಯನ್ನು ಸ್ಪರ್ಧೆಗೆ ಸೇರಿಸಿಲ್ಲ. ನೆಲ ಕುಸಿಯುವ ಭಯದಿಂದ ಭೂಗತ ಕೊಳವೆ ಹಾಕಲಾಗದೆ ಶತಮಾನಕ್ಕೂ ಮೀರಿ ತೆರೆದ ಚರಂಡಿಯಾಗಿದ್ದ ಆ ನದಿ, 1992ರಲ್ಲಿ ಶುರುವಾದ ಕೆಲಸದಿಂದ 2021ರ ಕೊನೆಗೆ ಕೊಳಚೆಮುಕ್ತವಾಯಿತು. ಅದಕ್ಕೆ ಗೌರವವಿದೆ, ಆದರೆ ದಾರಿಯ ತಿರುವುಗಳಲ್ಲಿ ಪ್ರತಿ ಸಲ ಮೊಬೈಲ್ ತೆಗೆದು ನೋಡಬೇಕಾಗುತ್ತದೆ.

ಕಾಲು ಗಟ್ಟಿಯಿದ್ದು, ಪ್ಯಾಡಿಗೆ ಖರ್ಚು ಮಾಡಲು ಹಿಂಜರಿಯದವರು ಹೋಹೆವಾರ್ಡ್‌ಗೆ ಹೋಗಲಿ. ನಾನು ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನದೊಳಗೆ ಮನೆ ಸೇರಬೇಕಾದವನು, ತಿಂಗಳಿಗೆ ಇಂತಿಷ್ಟೇ ಎಂದು ಸೈಕಲ್ಲಿಗೆ ಎತ್ತಿಟ್ಟವನು. ಎದುರುಗಾಳಿ ಜೋರಿದ್ದರೆ ಹೆರ್ನೆಯ ಲಾಕ್‌ವರೆಗೆ ಮಾತ್ರ ಹೋಗುತ್ತೇನೆ. ಗೇಟು ತೆರೆದು ಹಡಗೊಂದು ಮೇಲೇರಿ ಬರುವ ತನಕ ಕಾದು, ಅದರ ಜೊತೆಯಲ್ಲೇ ಸ್ವಲ್ಪ ದೂರ ತುಳಿದು ವಾಪಸಾಗುತ್ತೇನೆ.